ಕರಾಬಾಖ್: ನೆಲ ಯಾರದು, ಡ್ರೋನ್ ಯಾರದು?

2020ರ ಸೆಪ್ಟೆಂಬರ್ 27. ನಗೋರ್ನೊ-ಕರಾಬಾಖ್ ಗುಡ್ಡಗಳಲ್ಲಿ ಅರ್ಮೇನಿಯಾ, ಅಜೆರ್ಬೈಜಾನ್ ನಡುವೆ ಮತ್ತೆ ಯುದ್ಧ.

ಅಂತರರಾಷ್ಟ್ರೀಯ ಮಾನ್ಯತೆಯ ಪ್ರಕಾರ ಈ ನೆಲ ಅಜೆರ್ಬೈಜಾನಿನದು. ಅಲ್ಲಿ ಬದುಕುತ್ತಿದ್ದವರು ಬಹುಪಾಲು ಅರ್ಮೇನಿಯನ್ನರು. ಹಿಂದಿನ ಯುದ್ಧವನ್ನು ನಿಲ್ಲಿಸಿದ 1994ರ ಕದನವಿರಾಮದ ನಂತರ ಹಿಡಿತವೂ ಅವರದೇ ಆಗಿತ್ತು.

ಈ ಸಲ ಬಲಾಬಲ ಏರುಪೇರು ಮಾಡಿದ್ದು ಹೊರಗಿನ ಆಯುಧ. ಅಜೆರ್ಬೈಜಾನ್ ಕೈಯಲ್ಲಿ ಟರ್ಕಿಯ ಬೈರಕ್ತಾರ್ ಡ್ರೋನ್, ಜೊತೆಗೆ ಇಸ್ರೇಲಿನ ಹಾರೋಪ್. ಹಾರೋಪ್ ಎಂದರೆ ಆಕಾಶದಲ್ಲೇ ಸುತ್ತಾಡಿ, ಗುರಿ ಕಂಡೊಡನೆ ಎರಗಿ ಸಿಡಿಯುವ ಯಂತ್ರ. ಅರ್ಮೇನಿಯಾ ನಂಬಿದ್ದ ರಷ್ಯಾ ಮೂಲದ ಟ್ಯಾಂಕುಗಳು ಈ ದಾಳಿಗೆ ಸುಟ್ಟುಹೋದವು. ಬೈರಕ್ತಾರ್‌ಗೆ ಅಳವಡಿಸಿದ್ದ ಕ್ಯಾಮೆರಾ ಕೆನಡಾದ್ದು! ಅಕ್ಟೋಬರಿನಲ್ಲಿ ಕೆನಡಾ ಅದರ ರಫ್ತು ತಡೆಹಿಡಿಯಿತು. ಅಷ್ಟರಲ್ಲಿ ಡ್ರೋನ್‌ಗಳು ರಣರಂಗದಲ್ಲಿದ್ದವು.

ಯುದ್ಧ ನಡೆದದ್ದು 44 ದಿನ. ಸಾವಿರಾರು ಸೈನಿಕರ ಸಾವು.

2023ರ ಸೆಪ್ಟೆಂಬರಿನಲ್ಲಿ ಅಜೆರ್ಬೈಜಾನ್ ಕರಾಬಾಖ್‌ಗೆ ಮತ್ತೆ ನುಗ್ಗಿತು. ಮರುದಿನವೇ ಅಲ್ಲಿನ ಅರ್ಮೇನಿಯನ್ ಪಡೆ ಶರಣಾಯಿತು. ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆ ತೊರೆದು ಅರ್ಮೇನಿಯಾ ಸೇರಿದರು.