ಮೀನೆಣ್ಣೆ ಮತ್ತು ರಕ್ತನಾಳಗಳ ಆರೋಗ್ಯ

ಕರಾವಳಿಯ ಬೂತಾಯಿ (ತಾರ್ಲೆ), ಬಂಗುಡೆ ಮೀನುಗಳ ಎಣ್ಣೆಯಲ್ಲಿ ಒಮೆಗಾ-3 ಕೊಬ್ಬಿನ ಆಮ್ಲಗಳಿರುತ್ತವೆ. ಇವು ರಕ್ತನಾಳದ ಒಳಪದರದ ಕೋಶಗಳಲ್ಲಿ ಸೇರಿ, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಗೆ ನೆರವಾಗುತ್ತವೆ. ರಕ್ತದಲ್ಲಿನ ಟ್ರೈಗ್ಲಿಸರೈಡ್ ಅಂಶವನ್ನೂ ತಗ್ಗಿಸುತ್ತವೆ.

ಆದರೆ ಗುಳಿಗೆಗಳ ವಿಷಯ ಬೇರೆ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ವೈಟಲ್’ ಅಧ್ಯಯನದಲ್ಲಿ, ದಿನಕ್ಕೆ 1 ಗ್ರಾಂ ಗುಳಿಗೆಯ ಸೇವನೆಯಿಂದ ಹೃದಯಾಘಾತ, ಪಾರ್ಶ್ವವಾಯು ಹಾಗೂ ಹೃದ್ರೋಗ ಮರಣಗಳ ಒಟ್ಟು ಪ್ರಮಾಣ ಗಣನೀಯವಾಗಿ ಇಳಿದಿರುವುದಿಲ್ಲ. ಅಧಿಕ ಪ್ರಮಾಣದ ಸೇವನೆಯಿಂದ ಹೃದಯಬಡಿತದ ಲಯ ತಪ್ಪುವ ಸಂಭವವೂ ಉಂಟು. ಮೀನು ಸೇವಿಸುವವರಿಗೆ ದುಬಾರಿ ಗುಳಿಗೆಗಿಂತ ವಾರಕ್ಕೆರಡು ಬಾರಿ ಬಂಗುಡೆ ಸಾರೇ ಲೇಸು.

ರಕ್ತ ಹೆಪ್ಪುಗಟ್ಟದಂತೆ ಔಷಧಿ ಪಡೆಯುತ್ತಿರುವವರು ಗುಳಿಗೆಗೆ ಮುನ್ನ ವೈದ್ಯರ ಸಲಹೆ ಪಡೆಯತಕ್ಕದ್ದು. ರಕ್ತದೊತ್ತಡದ ಮಾತ್ರೆಗಳನ್ನು ನಿಲ್ಲಿಸಿ ಮೀನೆಣ್ಣೆಯನ್ನೇ ಅವಲಂಬಿಸತಕ್ಕದ್ದಲ್ಲ.