ಹಿಮಕ್ಕೆ ಹಲ್ಲೂರುವ ಗಾಲಿ

ಹಿಮ ಬಿತ್ತೆಂದು ಹಸು ಹಾಲು ನಿಲ್ಲಿಸುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಹೈನುಗಾರಿಕೆ ನಡೆಸುವವರಿಗೆ ಚಳಿಗಾಲದ ದೊಡ್ಡ ಚಿಂತೆ ಇದೇ. ಹೊಲ ತಿಂಗಳುಗಟ್ಟಲೆ ಬಿಳಿ ಹೊದ್ದು ಮಲಗಿರುತ್ತದೆ, ಆದರೆ ಹಾಲಿನ ಟ್ಯಾಂಕರು ಕೊಟ್ಟಿಗೆಯ ಬಾಗಿಲಿಗೆ ಬರಲೇಬೇಕು. ಅದು ಬರಬೇಕಾದರೆ ಹೆದ್ದಾರಿಯಿಂದ ಅಂಗಳದವರೆಗಿನ ದಾರಿಯನ್ನು ಯಾರಾದರೂ ಬಿಡಿಸಿಕೊಡಬೇಕು. ಬೇಸಿಗೆಯಲ್ಲಿ ಹುಲ್ಲು ಕೊಯ್ದ ಟ್ರ್ಯಾಕ್ಟರೇ ಮುಂದೆ ಬಕೆಟ್ಟೋ ಹಿಂದೆ ಬ್ಲೇಡೋ ಕಟ್ಟಿಕೊಂಡು ಈ ಕೆಲಸಕ್ಕೆ ಇಳಿಯುತ್ತದೆ. ಇಳಿದ ಕೂಡಲೇ ಅದರ ಗಾಲಿ ನಿಂತಲ್ಲೇ ತಿರುಗತೊಡಗುತ್ತದೆ.

ಅಲ್ಲಿ ಬೀಳುವ ಹಿಮವೂ ಸಾಮಾನ್ಯದ್ದಲ್ಲ. ಕೆನಡಾ ಕಡೆಯಿಂದ ಬರುವ ಒಣ ಶೀತಗಾಳಿ, ಇನ್ನೂ ಹೆಪ್ಪುಗಟ್ಟದ ಒಂಟಾರಿಯೊ ಸರೋವರದ ಮೇಲೆ ಹಾಯುವಾಗ ಬೇಕಾದಷ್ಟು ಆವಿ ಹೀರಿಕೊಳ್ಳುತ್ತದೆ. ದಡ ದಾಟಿ ನೆಲ ಮುಟ್ಟುತ್ತಲೇ ಅಷ್ಟನ್ನೂ ಹಿಮವಾಗಿ ಸುರಿಸಿಬಿಡುತ್ತದೆ. ಸಿರಕ್ಯೂಸ್ ನಗರದಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಸರಾಸರಿ 3 ಮೀಟರು. ಆ ನಗರದ ಪೂರ್ವಕ್ಕೆ ಕೆನಸ್ಟೋಟಾ ಎಂಬ ಪುಟ್ಟ ಊರಿದೆ. ಕಪ್ಪು ಜೌಗುಮಣ್ಣಿನಲ್ಲಿ ಈರುಳ್ಳಿ ಬೆಳೆದೇ ಹೆಸರಾದ ಊರದು. ಟೈರಿಗೆ ಸರಪಳಿ ತೊಡಿಸುವ ಉಪಾಯಕ್ಕೆ 1904ರ ಆಗಸ್ಟ್‌ನಲ್ಲಿ ಪೇಟೆಂಟ್ ಪಡೆದ ಹ್ಯಾರಿ ವೀಡ್ ಆ ಊರಿನವನು. ಕೆಸರಲ್ಲೂ ಹಿಮದಲ್ಲೂ ಸಿಕ್ಕಿಬಿದ್ದ ಮೋಟಾರು ಮಾಲೀಕರು ಗಾಲಿಗೆ ಹಗ್ಗವನ್ನೋ ಬಳ್ಳಿಯನ್ನೋ ಸುತ್ತಿ ಹೊರಬರುವುದನ್ನು ಅವನು ನೋಡಿದ್ದ. ಹಗ್ಗ ಸವೆದು ಹರಿಯುತ್ತದೆ, ಉಕ್ಕು ಅಷ್ಟು ಬೇಗ ಹರಿಯದು. ಅವನು ಮಾಡಿದ್ದು ಅಷ್ಟೇ. 1908ರಲ್ಲಿ ವೀಡ್ ಕಂಪನಿ ಜಾದೂಗಾರ ಹೌದಿನಿಗೆ ಸವಾಲು ಹಾಕಿ, ಅವನನ್ನು ತನ್ನ ಸರಪಳಿಗಳಿಂದ ಕಾರಿನ ಗಾಲಿಗಳಿಗೆ ಬಿಗಿದದ್ದೂ ಉಂಟು. ಹೌದಿನಿ ಬಿಡಿಸಿಕೊಂಡು ಬಂದ. ಕಂಪನಿಗೆ ಪ್ರಚಾರವೂ ಸಿಕ್ಕಿತು.

ಆಗಿನ ಟ್ರ್ಯಾಕ್ಟರುಗಳಿಗೆ ಈ ಸರಪಳಿಯ ಹಂಗಿರಲಿಲ್ಲ. ಅವುಗಳ ಗಾಲಿಯೇ ಉಕ್ಕಿನದು, ಸುತ್ತಲೂ ಚೂಪಾದ ಕಬ್ಬಿಣದ ಹಲ್ಲುಗಳು. 1932ರಲ್ಲಿ ಅಲಿಸ್-ಚಾಮರ್ಸ್ ಕಂಪನಿ ತನ್ನ ‘ಮಾಡೆಲ್ ಯು’ ಟ್ರ್ಯಾಕ್ಟರಿಗೆ ಗಾಳಿ ತುಂಬಿದ ರಬ್ಬರ್ ಟೈರು ಹಾಕಿ ಮಾರುಕಟ್ಟೆಗೆ ಬಿಟ್ಟ ಮೇಲೆ ಲೆಕ್ಕ ತಲೆಕೆಳಗಾಯಿತು. ಕುಲುಕಾಟ ತಗ್ಗಿತು, ಇಂಧನ ಉಳಿಯಿತು, ಟ್ರ್ಯಾಕ್ಟರು ಡಾಂಬರು ರಸ್ತೆಯಲ್ಲೂ ಓಡಾಡುವಂತಾಯಿತು. ಚಳಿಗಾಲದ ಕಚ್ಚುಹಲ್ಲು ಮಾತ್ರ ಹೋಯಿತು. ಹೋದ ಹಲ್ಲನ್ನು ವರ್ಷಕ್ಕೆ ಮೂರ್ನಾಲ್ಕು ತಿಂಗಳ ಮಟ್ಟಿಗೆ ಮರಳಿ ತರುವ ಏರ್ಪಾಡೇ ಸರಪಳಿ.

ಮಂಜುಗಡ್ಡೆ ಜಾರುವುದೇಕೆ? ಭಾರ ಬಿದ್ದಲ್ಲಿ ಐಸ್ ಕರಗಿ ನೀರಿನ ಪದರವಾಗುತ್ತದೆ, ಆ ನೀರಿನ ಮೇಲೆ ವಸ್ತು ಜಾರುತ್ತದೆ ಎಂಬ ವಿವರಣೆಯನ್ನು ಎಷ್ಟೋ ಪಠ್ಯಪುಸ್ತಕಗಳು ಇಂದಿಗೂ ಹೇಳುತ್ತವೆ. ಒತ್ತಡದಿಂದ ಐಸ್ ಕರಗುವುದು ನಿಜ. ಆದರೆ ಕರಗುವ ಬಿಂದು 1 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಬೇಕಾದರೆ ಸುಮಾರು 135 ವಾಯುಮಂಡಲದಷ್ಟು ಒತ್ತಡ ಬೇಕು. ಟ್ರ್ಯಾಕ್ಟರಿನ ಅಗಲ ಟೈರು ನೆಲದ ಮೇಲೆ ಹಾಕುವುದು ಹೆಚ್ಚೆಂದರೆ ಒಂದೂವರೆ ವಾಯುಮಂಡಲ. ಅದರಿಂದ ಕರಗುವ ಬಿಂದು ಒಂದು ಡಿಗ್ರಿಯ ನೂರನೇ ಒಂದು ಪಾಲಿನಷ್ಟು ಕದಲೀತು. ಮೈನಸ್ 10 ಡಿಗ್ರಿ ಚಳಿಯಲ್ಲಿ ಅದು ಯಾವ ಲೆಕ್ಕಕ್ಕೂ ಇಲ್ಲ.

ಸರಿಯಾದ ಸುಳಿವು ಸಿಕ್ಕಿದ್ದು ಮೈಕಲ್ ಫ್ಯಾರಡೆಗೆ, 1850ರ ಸುಮಾರಿಗೆ. ಎರಡು ಐಸ್ ತುಂಡುಗಳನ್ನು ತಾಗಿಸಿಟ್ಟರೆ ಅವು ಬೆಸೆದುಕೊಳ್ಳುವುದನ್ನು ನೋಡಿ, ಐಸಿನ ಮೇಲ್ಮೈಯಲ್ಲಿ ಸದಾ ದ್ರವದಂಥದ್ದೊಂದು ತೆಳು ಪದರ ಇರಬೇಕೆಂದು ಆತ ಊಹಿಸಿದ. ಮೇಲ್ಮೈಯ ಅಣುಗಳಿಗೆ ಹಿಡಿದುಕೊಳ್ಳಲು ಮೇಲೆ ನೆರೆಯ ಅಣುಗಳಿಲ್ಲ. ಹೀಗಾಗಿ ಅವು ಒಳಗಿನ ಅಣುಗಳಿಗಿಂತ ಸಡಿಲ. ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ತೋರಿಸಿದಂತೆ, ಜಾರುವ ವಸ್ತುವಿನ ಉಜ್ಜಾಟದಿಂದ ಹುಟ್ಟುವ ಶಾಖವೇ ಐಸನ್ನು ಕರಗಿಸಿ ನೀರಾಗಿಸುತ್ತದೆ. ಚಾಲಕ ಮಾಡುವ ದೊಡ್ಡ ತಪ್ಪು ಇಲ್ಲೇ ಇದೆ. ಗಾಲಿ ಜಾರಿತೆಂದು ಆಕ್ಸಿಲರೇಟರ್ ಒತ್ತಿದಷ್ಟೂ ಉಜ್ಜಾಟ ಹೆಚ್ಚುತ್ತದೆ, ನೀರು ಹೆಚ್ಚುತ್ತದೆ, ಟೈರಿನಡಿಯ ಐಸ್ ಪಾಲಿಶ್ ಹಾಕಿದಂತೆ ನಯವಾಗುತ್ತದೆ. ಒಣ ಕಾಂಕ್ರೀಟಿನ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು 0.7ರಿಂದ 0.8. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ರ ಆಸುಪಾಸು, ಹೊಳೆಯುವ ಐಸಿನ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಅಂದರೆ ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಗಾಲಿಯ ಮೇಲಿನ ಭಾರದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಎಳೆತ ಸಿಗದು.

ಸರಪಳಿ ಈ ಘರ್ಷಣಾಂಕದ ಗೊಡವೆಗೇ ಹೋಗುವುದಿಲ್ಲ. ನಯವಾದ ಉಕ್ಕು ಐಸಿನ ಮೇಲೆ ರಬ್ಬರಿಗಿಂತಲೂ ಚೆನ್ನಾಗಿ ಜಾರುತ್ತದೆ, ಸ್ಕೇಟಿಂಗ್ ಬೂಟನ್ನು ನೆನೆಸಿಕೊಂಡರೆ ಸಾಕು. ಸರಪಳಿ ಬದಲಿಸುವುದು ಭಾರ ಬೀಳುವ ಜಾಗವನ್ನು. ಒಂದು ಹಿಂಗಾಲಿಯ ಮೇಲೆ 800 ಕಿಲೋ ಭಾರವಿದ್ದು, ಟೈರು 800 ಚದರ ಸೆಂಟಿಮೀಟರಿನಷ್ಟು ನೆಲ ಮುಟ್ಟಿದೆ ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ ಒಂದು ಕಿಲೋ ಆಯಿತು. ಈಗ ಸರಪಳಿ ತೊಡಿಸಿ, ಅರ್ಧ ಭಾರವಷ್ಟೇ ಅದರ ಕೊಂಡಿಗಳ ಮೇಲೆ ಬಿತ್ತು, ಆ ಕ್ಷಣಕ್ಕೆ ಐಸಿಗೆ ತಾಗಿದ ಕೊಂಡಿಗಳ ವಿಸ್ತೀರ್ಣವೆಲ್ಲ ಸೇರಿ 10 ಚದರ ಸೆಂಟಿಮೀಟರ್ ಎಂದರೆ ಒತ್ತಡ 40 ಕಿಲೋಗೆ ಏರುತ್ತದೆ. ಒರಟು ಲೆಕ್ಕವೇ ಸರಿ, ಆದರೆ ಕರಗುವ ಹದದಲ್ಲಿರುವ ಐಸ್ ಪುಡಿಯಾಗತೊಡಗುವುದೂ ಇಂಥ ಒತ್ತಡದಲ್ಲೇ. ಕೊಂಡಿ ಒಳಗಿಳಿದು ಕೂರುತ್ತದೆ. ಆಮೇಲೆ ಗಾಲಿ ಜಾರಬೇಕಾದರೆ ಕೊಂಡಿಯ ಹಿಂದಿರುವ ಐಸಿನ ದಿಣ್ಣೆಯನ್ನು ಮುರಿದುಕೊಂಡೇ ಹೋಗಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ದಾಟುವಾಗ ನಮ್ಮ ಮಲೆನಾಡಿನವರು ಅಂಗಾಲು ಚಪ್ಪಟೆಯಾಗಿ ಇಡದೆ ಹೆಬ್ಬೆರಳು ಊರಿ ನಡೆಯುವುದೂ ಇದೇ ಲೆಕ್ಕದಲ್ಲಿ.

ಚಳಿ ಏರಿದಷ್ಟೂ ಐಸ್ ಗಟ್ಟಿ. ಮೈನಸ್ 20ರಲ್ಲಿ ಉರುಟಾದ ಕೊಂಡಿ ಅಷ್ಟು ಸಲೀಸಾಗಿ ಇಳಿಯದು. ಅದಕ್ಕೇ ಕೊಂಡಿಯ ಮೇಲೆ ಚೂಪಾದ ಉಕ್ಕಿನ ತುಂಡುಗಳನ್ನು ಬೆಸೆದ, ಅಥವಾ ಚೌಕಾಕಾರದ ಸರಳಿನಿಂದ ಮಾಡಿದ ಸರಪಳಿಗಳೂ ಸಿಗುತ್ತವೆ. ಉತ್ತರ ಯುರೋಪಿನ ಕಾಡುಗಳಲ್ಲಿ ಮರದ ದಿಮ್ಮಿ ಎಳೆಯುವವರು ಇಂಥವನ್ನೇ ನೆಚ್ಚಿಕೊಂಡಿದ್ದಾರೆ.

ಕಾರಿಗಿಲ್ಲದ ಒಂದು ತೊಡಕು ಟ್ರ್ಯಾಕ್ಟರಿಗಿದೆ. ಅದರ ಹಿಂಗಾಲಿಯನ್ನು ಹತ್ತಿರದಿಂದ ನೋಡಿ: ನಡುವಿನಿಂದ ಎರಡೂ ಅಂಚಿಗೆ ಓರೆಯಾಗಿ ಇಳಿಯುವ ದಪ್ಪ ರಬ್ಬರ್ ಪಟ್ಟಿಗಳು, ಒಂದೊಂದರ ನಡುವೆ ಅಂಗೈ ಹಿಡಿಸುವಷ್ಟು ಕಂದಕ. ಉತ್ತ ಹೊಲದ ಮಣ್ಣಿಗೆ ಇದು ಹೇಳಿ ಮಾಡಿಸಿದ ಟೈರು. ಐಸಿನ ಮೇಲೆ ಇದರ ಬಹುಪಾಲು ನೆಲವನ್ನೇ ಮುಟ್ಟುವುದಿಲ್ಲ. ಅಗ್ಗದ ಸರಪಳಿ ಏಣಿಯ ಆಕಾರದ್ದು, ಎರಡು ಪಕ್ಕಗಳಲ್ಲಿ ಉದ್ದ ಸರಪಳಿ, ನಡುವೆ ಮೆಟ್ಟಿಲುಗಳಂತೆ ಅಡ್ಡ ಸರಪಳಿಗಳು. ಅದನ್ನು ಈ ಟೈರಿಗೆ ಸುತ್ತಿದರೆ ಅಡ್ಡ ಸರಪಳಿಗಳು ಒಂದೊಂದಾಗಿ ಜರುಗಿ ಕಂದಕದೊಳಗೆ ಬಿದ್ದುಬಿಡುತ್ತವೆ. ನೆಲ ಮುಟ್ಟುವುದು ಮತ್ತೆ ರಬ್ಬರೇ. ದುಡ್ಡು ಕೊಟ್ಟು ತಂದ ಉಕ್ಕು ಬಚ್ಚಿಟ್ಟುಕೊಂಡು ಗಾಲಿಯೊಂದಿಗೆ ಸುತ್ತು ಹೊಡೆಯುತ್ತಿರುತ್ತದೆ. ಏಣಿ ಸರಪಳಿಗೆ ಇನ್ನೊಂದು ದೋಷವಿದೆ. ಅಡ್ಡ ಕೊಂಡಿಗಳು ಅಚ್ಚಿನ ದಿಕ್ಕಿನಲ್ಲೇ ಸಾಲಾಗಿ ಮಲಗಿರುವುದರಿಂದ ಮುಂದಕ್ಕೆ ಎಳೆಯುವಾಗ ಕಚ್ಚಿ ಹಿಡಿಯುತ್ತವೆ. ಓರೆ ಇಳಿಜಾರಿನಲ್ಲಿ ಟ್ರ್ಯಾಕ್ಟರು ಪಕ್ಕಕ್ಕೆ ಜಾರಿದರೆ ತಮ್ಮ ಉದ್ದಕ್ಕೇ ಸರಿದು ದಾರಿ ಬಿಡುತ್ತವೆ. ಬಲೆಯಂತೆ ಹೆಣೆದ ವಜ್ರಾಕೃತಿಯ ಸರಪಳಿಯಲ್ಲಿ ಈ ಎರಡೂ ತಾಪತ್ರಯ ಕಡಿಮೆ. ಅದು ರಬ್ಬರ್ ಪಟ್ಟಿಗಳ ಮೇಲೆಯೇ ಹರಡಿ ನಿಲ್ಲುತ್ತದೆ, ಯಾವ ದಿಕ್ಕಿಗೆ ಜಾರಿದರೂ ಒಂದಲ್ಲ ಒಂದು ಕೊಂಡಿ ಅಡ್ಡ ಬರುತ್ತದೆ. ಬೆಲೆ ಜಾಸ್ತಿ. ಆದರೂ ಟ್ರ್ಯಾಕ್ಟರಿಗೆ ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ತೊಡಿಸುವ ಕೆಲಸಕ್ಕೆ ರಟ್ಟೆ ಬಲ ಬೇಕು. ದೊಡ್ಡ ಗಾಲಿಯ ಸರಪಳಿಯನ್ನು ಒಬ್ಬರೇ ಎತ್ತುವುದು ಕಷ್ಟ. ಸಿಕ್ಕು ಬಿಡಿಸಿ, ಗಾಲಿಯ ಮುಂದೆ ನೆಲದ ಮೇಲೆ ಚಾಪೆಯಂತೆ ಹಾಸಿ, ಟ್ರ್ಯಾಕ್ಟರನ್ನು ಮೆಲ್ಲಗೆ ಅದರ ಮೇಲೆ ಹತ್ತಿಸಿ, ಎರಡು ತುದಿಗಳನ್ನೂ ಗಾಲಿಯ ಮೇಲೆ ಎಳೆದು ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು. ಕೊಕ್ಕೆಯ ಬಾಯಿ ಟೈರಿನ ಕಡೆಗೆ ತಿರುಗಿದ್ದರೆ ಅದು ರಬ್ಬರನ್ನೇ ಕೊರೆಯುತ್ತದೆ, ಹಾಗಾಗಿ ಬಾಯಿ ಹೊರಮುಖವಾಗಿರಬೇಕು. ಕೈಯಿಂದ ಬಿಗಿ ಮಾಡಿ ನೂರು ಮೀಟರು ಓಡಿಸಿ ಇಳಿದು ನೋಡಿದರೆ ಸರಪಳಿ ಮತ್ತೆ ಸಡಿಲವಾಗಿರುತ್ತದೆ. ಇನ್ನೊಮ್ಮೆ ಬಿಗಿಯಬೇಕು. ಹಾಗೆಂದು ಉಸಿರುಗಟ್ಟಿಸುವಷ್ಟು ಬಿಗಿದರೂ ತಪ್ಪು. ಟೈರಿನ ಮೇಲೆ ಚೂರು ಚೂರೇ ಸರಿಯುವ ಸರಪಳಿ ಮಾತ್ರ ತನಗಂಟಿದ ಹಿಮವನ್ನು ಕೊಡವಿಕೊಳ್ಳುತ್ತದೆ, ಒಂದೇ ಜಾಗದಲ್ಲಿ ಸವೆಯುವುದೂ ಇಲ್ಲ.

ಹಲ್ಲು ಇಳಿಯಬೇಕಾದರೆ ಮೇಲಿನಿಂದ ಭಾರ ಬೇಕು. ಹಿಂದಿನ ಟೈರಿಗೆ ನೀರು ತುಂಬಿಸಿ ತೂಕ ಕೂಡಿಸುವುದು ನಮ್ಮ ರೈತರಿಗೂ ಗೊತ್ತಿರುವ ಪಾಠ. ಅಲ್ಲಿ ಬರೀ ನೀರು ತುಂಬಿಸಿದರೆ ಟೈರಿನೊಳಗೇ ಗಡ್ಡೆ ಕಟ್ಟುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸುತ್ತಾರೆ. ತೂಕದಲ್ಲಿ ಶೇ. 30ರಷ್ಟು ಈ ಲವಣವಿರುವ ದ್ರಾವಣ ಮೈನಸ್ 50 ಡಿಗ್ರಿಯ ಹತ್ತಿರದವರೆಗೂ ಹೆಪ್ಪುಗಟ್ಟದು, ಮೇಲಾಗಿ ನೀರಿಗಿಂತ ಕಾಲು ಭಾಗಕ್ಕೂ ಹೆಚ್ಚು ಭಾರ. ಒಂದೇ ಕೊರತೆ, ಸೋರಿದರೆ ಗಾಲಿಯ ಉಕ್ಕನ್ನು ತುಕ್ಕು ಹಿಡಿಸಿ ತಿಂದುಹಾಕುತ್ತದೆ. ಸಕ್ಕರೆ ಬೀಟ್‌ರೂಟ್ ಕಾರ್ಖಾನೆಯ ಉಳಿಕೆ ದ್ರವವನ್ನು ತುಂಬಿಸುವ ರೂಢಿ ಬಂದದ್ದು ಇದರಿಂದಾಗಿ.

ಆಳವಾದ ಸಡಿಲ ಹಿಮದಲ್ಲಿ ಮಾತ್ರ ಈ ತರ್ಕ ಉಲ್ಟಾ ಹೊಡೆಯುತ್ತದೆ. ಕೆಳಗೆ ಗಟ್ಟಿ ತಳವೇ ಸಿಗದಿದ್ದರೆ ಸರಪಳಿ ಕಟ್ಟಿದ ಗಾಲಿ ಗುಂಡಿ ತೋಡುತ್ತಾ ಹೋಗಿ ಟ್ರ್ಯಾಕ್ಟರಿನ ಹೊಟ್ಟೆ ಹಿಮದ ಮೇಲೆ ಕೂರುತ್ತದೆ. ಅಲ್ಲಿ ಭಾರವನ್ನು ಒಂದೆಡೆ ಕೂಡಿಸುವ ಬದಲು ಹರಡಬೇಕು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಅಂಟಾರ್ಕ್ಟಿಕಾದಲ್ಲಿ ಮಾಡಿದ್ದು ಇದನ್ನೇ. 1957ರ ಅಕ್ಟೋಬರಿನಲ್ಲಿ ಸ್ಕಾಟ್ ನೆಲೆಯಿಂದ ಹೊರಟಾಗ ಅವನ ತಂಡದ ಬಳಿ ಇದ್ದದ್ದು ಹೊಲ ಉಳುವ ಪುಟ್ಟ ಫರ್ಗುಸನ್ ಟ್ರ್ಯಾಕ್ಟರುಗಳು. ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ಒಟ್ಟಿಗೆ ಸುತ್ತುವರಿಯುವ ಅಗಲವಾದ ಪಟ್ಟಾಗಳನ್ನು ಅವಕ್ಕೆ ತೊಡಿಸಿದ್ದರು. ಖಂಡದ ಎದುರು ಬದಿಯಿಂದ ಬರಲಿದ್ದ ವಿವಿಯನ್ ಫುಕ್ಸ್ ತಂಡಕ್ಕೆ ದಾರಿಯಲ್ಲಿ ಸಾಮಗ್ರಿ ಇಟ್ಟುಬರುವುದು ಹಿಲರಿಗೆ ವಹಿಸಿದ್ದ ಕೆಲಸ. ಆತ ಅಷ್ಟಕ್ಕೇ ನಿಲ್ಲದೆ 1958ರ ಜನವರಿ 4ರಂದು ಮೂರು ಟ್ರ್ಯಾಕ್ಟರುಗಳೊಂದಿಗೆ ದಕ್ಷಿಣ ಧ್ರುವವನ್ನೇ ಮುಟ್ಟಿದ. ಮೋಟಾರು ವಾಹನದಲ್ಲಿ ನೆಲದ ಮೇಲೆ ಅಲ್ಲಿಗೆ ತಲುಪಿದ ಮೊದಲಿಗರು ಅವರು. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಕೇಜ್ ವೀಲ್ ಕೂಡ ಈ ಪಟ್ಟಾದ ಬಳಗದ್ದೇ. ಅದರ ಕಬ್ಬಿಣದ ಪಟ್ಟಿಗಳು ಕೆಸರನ್ನು ತಳ್ಳುತ್ತವೆ, ಜೊತೆಗೆ ಅದರ ಅಗಲ ಟ್ರ್ಯಾಕ್ಟರು ಹೂತುಹೋಗದಂತೆ ತಡೆಯುತ್ತದೆ. ಡಾಂಬರು ರಸ್ತೆಗೆ ಬಂದರೆ ಕೇಜ್ ವೀಲ್ ಆದರೂ ಸರಪಳಿಯಾದರೂ ರಸ್ತೆಯನ್ನು ಕಿತ್ತುಹಾಕುವುದು ಒಂದೇ ರೀತಿ.

ಸರಪಳಿಯ ಮಾತು ಬಂದಾಗೆಲ್ಲ ಜನ ಕೇಳುವುದು ಏರು ಹತ್ತುವ ಬಗ್ಗೆ. ಅಪಾಯ ಇರುವುದು ಇಳಿಯುವಾಗ. ಹೊಲದ ಟ್ರ್ಯಾಕ್ಟರುಗಳಲ್ಲಿ ಬಹುತೇಕ ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ. ಮುಂದಿನ ಬಕೆಟ್ ತುಂಬ ಹಿಮ ಹೊತ್ತು ಇಳಿಜಾರಿನಲ್ಲಿ ಹೊರಟರೆ ಭಾರವೆಲ್ಲ ಮುಂದಕ್ಕೆ ಸರಿದು ಹಿಂಗಾಲಿಗಳ ಮೇಲೆ ಉಳಿಯುವುದು ಒಟ್ಟು ತೂಕದ ಮೂರನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಘರ್ಷಣಾಂಕ 0.1 ಆದರೆ ಬ್ರೇಕಿನ ಬಲ ಒಟ್ಟು ತೂಕದ ಮೂವತ್ತರಲ್ಲೊಂದು. 30 ಮೀಟರಿಗೆ ಒಂದು ಮೀಟರು ಇಳಿಯುವ ದಾರಿಯನ್ನು ಕಣ್ಣಿಗೆ ಇಳಿಜಾರು ಅನ್ನಲೂ ಆಗದು, ಅದಕ್ಕಿಂತ ಒಂದಿಷ್ಟು ಕಡಿದಾದರೂ ಟ್ರ್ಯಾಕ್ಟರು ನಿಲ್ಲುವುದಿಲ್ಲ. ಗಾಲಿ ಲಾಕ್ ಆಗಿ ನಿಂತಿರುತ್ತದೆ, ಗಾಡಿ ಹೋಗುತ್ತಲೇ ಇರುತ್ತದೆ. ಹಿಂಗಾಲಿಗೆ ಸರಪಳಿ ಕಟ್ಟಿ ಹಿಡಿತವನ್ನು ಎರಡು ಮೂರು ಪಟ್ಟು ಮಾಡಿಕೊಂಡರೂ ಹಿಂದೆ ಭಾರವೇ ಇಲ್ಲದಿದ್ದರೆ ಗಿಟ್ಟುವುದು ಅಷ್ಟಕ್ಕಷ್ಟೆ. ನಾಲ್ಕು ಗಾಲಿಯ ಡ್ರೈವ್ ಇರುವ ಟ್ರ್ಯಾಕ್ಟರಿನಲ್ಲಿ ಇಳಿಯುವಾಗಲೂ ಅದನ್ನು ಹಾಕಿಟ್ಟಿರಬೇಕು. ಆಗ ಹಿಂದಿನ ಬ್ರೇಕು ಡ್ರೈವ್ ಶಾಫ್ಟಿನ ಮೂಲಕ ಮುಂದಿನ ಗಾಲಿಗಳನ್ನೂ ಹಿಡಿಯುತ್ತದೆ. ಬಕೆಟ್ ನೆಲಕ್ಕೆ ಹತ್ತಿರವಿರಲಿ, ಹಿಂದೆ ಬ್ಲೇಡೋ ತೂಕದ ಪೆಟ್ಟಿಗೆಯೋ ಇರಲಿ.

ಒಂದೇ ಜೊತೆ ಸರಪಳಿ ಇದ್ದರೆ ಹಿಂದಕ್ಕೆ. ಮುಂದಕ್ಕೆ ಮಾತ್ರ ಕಟ್ಟಿದರೆ ಇಳಿಜಾರಿನಲ್ಲಿ ಹಿಂಭಾಗ ಬೀಸಿ ಗಾಡಿಯೇ ಅಡ್ಡ ತಿರುಗಬಹುದು. ಎರಡನೇ ಜೊತೆ ಕೊಳ್ಳುವ ಮುನ್ನ ಮುಂದಿನ ಗಾಲಿಯನ್ನು ಪೂರ್ತಿ ತಿರುಗಿಸಿ, ಟೈರಿಗೂ ಲೋಡರಿನ ತೋಳಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆಂದು ಕೈ ಹಾಕಿ ನೋಡಬೇಕು. ಕೆಲವು ಟ್ರ್ಯಾಕ್ಟರುಗಳ ಕೈಪಿಡಿಯಲ್ಲಿ ಮುಂಗಾಲಿಗೆ ಸರಪಳಿ ಕೂಡದೆಂದೇ ಬರೆದಿರುತ್ತದೆ.