ಪಶುವೈದ್ಯರಿಗೊಂದು ಪರಿಷತ್ತು

ಕರು ಹಾಕಿ ಒಂದೆರಡು ದಿನವಾದ, ಹೆಚ್ಚು ಹಾಲು ಕರೆಯುವ ಮಿಶ್ರತಳಿ ಹಸು ಇದ್ದಕ್ಕಿದ್ದಂತೆ ಮೇವು ಬಿಡುತ್ತದೆ. ಹಿಂಗಾಲು ತಡವರಿಸುತ್ತದೆ, ಸ್ವಲ್ಪ ಹೊತ್ತಿಗೆ ಮಲಗಿಬಿಡುತ್ತದೆ. ಕತ್ತನ್ನು ಪಕ್ಕೆಯ ಕಡೆ ತಿರುಗಿಸಿಕೊಂಡು ಮಂಕಾಗಿ ಬಿದ್ದಿರುತ್ತದೆ, ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ಇದು ಹಾಲುಜ್ವರ. ರಕ್ತದ ಕ್ಯಾಲ್ಸಿಯಂ ಹಾಲಿಗೆ ಹರಿದು ಮೈಯಲ್ಲಿ ಕೊರತೆ ಬೀಳುವುದರಿಂದ ಹೀಗಾಗುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಿದರೆ ಸತ್ತೇಹೋಯಿತು ಎಂದುಕೊಂಡ ಹಸು ಎದ್ದು ನಿಂತು ಮೇವಿಗೆ ಬಾಯಿ ಹಾಕುತ್ತದೆ. ಅದೇ ಬಾಟಲಿಯನ್ನು ರಭಸದಿಂದ ಏರಿಸಿದರೆ ಹೃದಯ ನಿಂತು, ಸೂಜಿ ಕೀಳುವ ಮೊದಲೇ ಪ್ರಾಣ ಹೋಗಬಹುದು. ಆದ್ದರಿಂದ ತಿಳಿದ ವೈದ್ಯರು ಹಸುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಡಿತ ಕೇಳುತ್ತಲೇ ಔಷಧಿ ಇಳಿಸುತ್ತಾರೆ. ಬಡಿತ ತಾಳ ತಪ್ಪಿದರೆ ನಿಲ್ಲಿಸುತ್ತಾರೆ, ಸರಿಹೋದ ಮೇಲೆ ಮುಂದುವರಿಸುತ್ತಾರೆ.

ಬಾಟಲಿ ಪೇಟೆಯ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸೂಜಿ ಚುಚ್ಚುವವರೂ ಊರಲ್ಲಿ ಸಿಗುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ಯಾರು ಎಂಬುದನ್ನು ಹಸುವಿನ ಯಜಮಾನ ತಿಳಿಯುವುದು ಹೇಗೆ? ಒಂದು ಹಸು ಹೋದರೆ ಮನೆಯ ವರ್ಷದ ಆದಾಯವೇ ಹೋಗುವ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ದೇಶಮಟ್ಟದಲ್ಲಿ ಉತ್ತರ ಕೊಡಬೇಕಾದ ಸಂಸ್ಥೆ ಭಾರತೀಯ ಪಶುವೈದ್ಯಕೀಯ ಪರಿಷತ್ತು.

ಬ್ರಿಟನ್ನಿನ ಪಶುವೈದ್ಯರಿಗೆ 1844ರಲ್ಲೇ ರಾಜಸನದಿನ ಮೂಲಕ ಇಂಥ ಸಂಸ್ಥೆ ಸಿಕ್ಕಿತ್ತು. ನಮ್ಮಲ್ಲಿ ಮನುಷ್ಯರ ವೈದ್ಯರಿಗೆ 1933ರಲ್ಲಿ, ದಂತವೈದ್ಯರಿಗೆ 1948ರಲ್ಲಿ ಕಾಯ್ದೆ ಬಂತು. ಪಶುವೈದ್ಯರು 1984ರವರೆಗೆ ಕಾಯಬೇಕಾಯಿತು. ಲಾಹೋರ್, ಮುಂಬಯಿ, ಕಲ್ಕತ್ತಗಳಲ್ಲಿ ಪಶುವೈದ್ಯ ಕಾಲೇಜುಗಳು 19ನೇ ಶತಮಾನದಲ್ಲೇ ತೆರೆದಿದ್ದವು, ಮದ್ರಾಸಿನದು 1903ರಲ್ಲಿ. ಮದ್ರಾಸಿನಲ್ಲಿ ಓದಿದವರು ಜಿ.ಎಂ.ವಿ.ಸಿ., ಮುಂಬಯಿಯಲ್ಲಿ ಓದಿದವರು ಜಿ.ಬಿ.ವಿ.ಸಿ. ಎಂದು ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದ ಕಾಲವಿತ್ತು. ಎಲ್ಲರಿಗೂ ಒಂದೇ ಅಳತೆ ಎಂಬುದು ಇರಲಿಲ್ಲ.

ಈ ತಡಕ್ಕೆ ಒಂದು ಕಾರಣ ಸಂವಿಧಾನದಲ್ಲೇ ಇದೆ, ಸ್ವಲ್ಪ ನಿಂತು ನೋಡಬೇಕಾದ ಕಾರಣ ಅದು. ಮನುಷ್ಯರ ವೈದ್ಯವೃತ್ತಿ ಕೇಂದ್ರ ಮತ್ತು ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಪಶುವೈದ್ಯ ಶಿಕ್ಷಣ ಮತ್ತು ವೃತ್ತಿ ಮಾತ್ರ ಜಾನುವಾರು ರಕ್ಷಣೆಯ ಜೊತೆಗೆ ರಾಜ್ಯಪಟ್ಟಿಯ 15ನೇ ನಮೂದಿನಲ್ಲಿದೆ. ಆದ್ದರಿಂದ ಸಂಸತ್ತು ತಾನಾಗಿಯೇ ಕಾಯ್ದೆ ಮಾಡುವಂತಿರಲಿಲ್ಲ. ಮಹಾರಾಷ್ಟ್ರದಂಥ ರಾಜ್ಯ 1971ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ದೇಶಕ್ಕೆಲ್ಲ ಒಂದೇ ಕಾಯ್ದೆ ಬೇಕೆಂದಾಗ 252ನೇ ವಿಧಿಯ ದಾರಿ ಹಿಡಿಯಬೇಕಾಯಿತು. ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೇಳಿಕೊಂಡರೆ ಸಂಸತ್ತು ಕಾಯ್ದೆ ಮಾಡಬಹುದು. ಉಳಿದ ರಾಜ್ಯಗಳು ಒಪ್ಪಿದ ಹಾಗೆಲ್ಲ ಅದು ಅಲ್ಲಿಗೂ ಅನ್ವಯಿಸುತ್ತದೆ. ಹರಿಯಾಣ, ಬಿಹಾರ, ಒಡಿಶಾದಂಥ ಕೆಲವು ರಾಜ್ಯಗಳು ಮೊದಲು ಕೇಳಿಕೊಂಡವು, 1984ರಲ್ಲಿ ಕಾಯ್ದೆಯಾಯಿತು, 1989ರಲ್ಲಿ ಪರಿಷತ್ತು ರಚನೆಯಾಯಿತು. ಹೀಗೆ ಮಾಡಿದ ಕಾಯ್ದೆಯನ್ನು ಒಪ್ಪಿಕೊಂಡ ರಾಜ್ಯ ಆಮೇಲೆ ತನ್ನಷ್ಟಕ್ಕೆ ತಿದ್ದುವಂತಿಲ್ಲ. ಸಂಸತ್ತು ತಿದ್ದಬೇಕಾದರೂ ಮತ್ತೆ ರಾಜ್ಯಗಳ ನಿರ್ಣಯ ಬೇಕು. ಇದರ ಲಾಭವೂ ನಷ್ಟವೂ ಮುಂದೆ ಕಾಣುತ್ತವೆ.

ಪರಿಷತ್ತಿನಲ್ಲಿ ರಾಜ್ಯಗಳ ಪಶುಪಾಲನಾ ನಿರ್ದೇಶಕರು, ಕಾಲೇಜುಗಳ ಮುಖ್ಯಸ್ಥರು, ಕೇಂದ್ರದ ಅಧಿಕಾರಿಗಳು ಇರುತ್ತಾರೆ. ಜೊತೆಗೆ 11 ಮಂದಿ ಸದಸ್ಯರನ್ನು ದೇಶದ ನೋಂದಾಯಿತ ಪಶುವೈದ್ಯರೇ ಚುನಾಯಿಸುತ್ತಾರೆ. ರಾಜ್ಯಗಳಲ್ಲಿ ಪ್ರತ್ಯೇಕ ಪರಿಷತ್ತುಗಳಿವೆ, ನಮ್ಮದು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು. ಪದವಿ ಮುಗಿಸಿದವರು ರಾಜ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ, ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಾರೆ. ರಾಜ್ಯಗಳ ಹೆಸರುಗಳೆಲ್ಲ ಸೇರಿ ರಾಷ್ಟ್ರೀಯ ದಾಖಲೆಯಾಗುತ್ತದೆ. ವೈದ್ಯರ ನೇಮಕಾತಿ, ವರ್ಗಾವಣೆ ಪರಿಷತ್ತಿನ ಕೆಲಸವಲ್ಲ, ಅದು ಸರ್ಕಾರದ ಇಲಾಖೆಯದು. ಊರಿನ ಚಿಕಿತ್ಸಾಲಯದಲ್ಲಿ ಡಾಕ್ಟರಿಲ್ಲ ಎಂದು ಪರಿಷತ್ತಿಗೆ ದೂರು ಬರೆಯುವವರಿದ್ದಾರೆ. ಅವರ ಅಳಲು ನಿಜ, ವಿಳಾಸ ಮಾತ್ರ ಬೇರೆ.

ಕಾಯ್ದೆಯ ಜೀವಾಳ ಅದರ 30ನೇ ಕಲಮು. ನೋಂದಾಯಿತರಲ್ಲದವರು ಸರ್ಕಾರಿ ಪಶುವೈದ್ಯ ಹುದ್ದೆಯಲ್ಲಿ ಇರುವಂತಿಲ್ಲ, ಪಶುವೈದ್ಯ ವೃತ್ತಿ ಮಾಡುವಂತಿಲ್ಲ, ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ, ನ್ಯಾಯಾಲಯದಲ್ಲಿ ಪಶುವೈದ್ಯ ತಜ್ಞರೆಂದು ಸಾಕ್ಷಿ ಹೇಳುವಂತಿಲ್ಲ. ಸಹಿಯ ಮಾತು ಬರೀ ಕಾಗದದ ಮಾತು ಎನಿಸಬಹುದು. ವಿಮೆ ಮಾಡಿಸಿದ ಎತ್ತು ಸತ್ತಿದೆ, ಪರಿಹಾರಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕು ಎನ್ನೋಣ. ಹಠಾತ್ತನೆ ಸತ್ತು, ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು. ಆಗ ಹೆಣ ಕೊಯ್ಯಲೇಬಾರದು. ಕೊಯ್ದರೆ ರೋಗಾಣು ಗಾಳಿಗೆ ತೆರೆದುಕೊಂಡು ಗಟ್ಟಿ ಕವಚದ ಬೀಜಾಣುವಾಗುತ್ತದೆ, ಆ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಕಿವಿಯ ತುದಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಕೊಯ್ಯುವುದೋ ಹೂಳುವುದೋ ತೀರ್ಮಾನಿಸಬೇಕು. ಹೆಣ ಕೊಯ್ಯುವವರ ಪ್ರಾಣ, ಊರಿನ ಹುಲ್ಲುಗಾವಲು ಎರಡೂ ಆ ತೀರ್ಮಾನದ ಮೇಲೆ ನಿಂತಿರುತ್ತವೆ.

ಹಾಗಾದರೆ ಊರೂರು ತಿರುಗಿ ಲಸಿಕೆ ಹಾಕುವ ಪಶುವೈದ್ಯ ಪರೀಕ್ಷಕರು, ಜಾನುವಾರು ಅಧಿಕಾರಿಗಳು? ಕಾಯ್ದೆ ಅವರನ್ನು ಹೊರಗಿಟ್ಟಿಲ್ಲ. ಇಲಾಖೆಯ ತರಬೇತಿ, ಪ್ರಮಾಣಪತ್ರ ಇರುವವರಿಗೆ ರಾಜ್ಯ ಸರ್ಕಾರ ಆದೇಶದ ಮೂಲಕ ಸಣ್ಣಪುಟ್ಟ ಸೇವೆಗಳನ್ನು ಒಪ್ಪಿಸಬಹುದು: ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯ ತೊಳೆದು ಕಟ್ಟುವುದು, ಹೀಗೆ. ಷರತ್ತು ಒಂದೇ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಇರಬೇಕು. ಈ ಗೆರೆಯ ಬಗ್ಗೆ ಜಗಳ ಬಹಳ ನಡೆದಿದೆ. ಮಹಾರಾಷ್ಟ್ರದಲ್ಲಿ ಡಿಪ್ಲೊಮಾ ಪಡೆದು ಸ್ವತಂತ್ರವಾಗಿ ಚಿಕಿತ್ಸೆ ಮಾಡುತ್ತಿದ್ದವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2007ರಲ್ಲಿ ಕೋರ್ಟು ಕಾಯ್ದೆಯ ಪರವಾಗಿಯೇ ನಿಂತಿತು.

ನನ್ನ ಮಟ್ಟಿಗೆ ಆ ಗೆರೆ ಸರಿಯಾದ ಜಾಗದಲ್ಲೇ ಇದೆ. ಲಸಿಕೆಯಂಥ ಸಣ್ಣ ಕೆಲಸದಲ್ಲೂ ಮೇಲ್ವಿಚಾರಣೆ ಯಾಕೆ ಎಂದು ಕೇಳಿದರೆ ಬ್ರುಸೆಲ್ಲೋಸಿಸ್ ಲಸಿಕೆ ನೋಡಿ. ಗಬ್ಬದ ಹಸು ಕಂದು ಹಾಕುವ ರೋಗವಿದು, ಹಸಿ ಹಾಲಿನಿಂದ, ಕಂದಿನ ಜೊತೆ ಬೀಳುವ ಕಸದಿಂದ ಮನುಷ್ಯರಿಗೂ ಅಂಟುತ್ತದೆ. ಇದರ ಲಸಿಕೆಯಲ್ಲಿ ಜೀವಂತ ರೋಗಾಣುವೇ ಇರುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಮಾತ್ರ ಹಾಕಬೇಕು. ಗಬ್ಬದ ಹಸುವಿಗೆ ಹಾಕಿದರೆ ಕಂದು ಹಾಕೀತು, ಸೂಜಿ ತಪ್ಪಿ ಹಾಕುವವರ ಕೈಗೆ ಚುಚ್ಚಿದರೆ ಅವರಿಗೇ ರೋಗ ಬಂದೀತು. ಮೇಲ್ವಿಚಾರಣೆ ಬೇಡವೆಂದರೆ ಮೊದಲು ಅಪಾಯಕ್ಕೆ ಸಿಗುವವರು ಆ ಸಿಬ್ಬಂದಿಯೇ.

ಪರಿಷತ್ತಿನ ಇನ್ನೊಂದು ದೊಡ್ಡ ಹೊಣೆ ಶಿಕ್ಷಣ. ಪಶುವೈದ್ಯ ಪದವಿಯಲ್ಲಿ ಏನು ಕಲಿಸಬೇಕು, ಎಷ್ಟು ವರ್ಷ, ಕಾಲೇಜಿನಲ್ಲಿ ಏನೇನಿರಬೇಕು ಎಂಬ ಕನಿಷ್ಠ ಮಟ್ಟವನ್ನು ಅದು ನಿಯಮ ಮಾಡಿ ಹೇಳುತ್ತದೆ. 2016ರ ನಿಯಮದಂತೆ ಪದವಿ ಐದೂವರೆ ವರ್ಷದ್ದು, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಕಾಲೇಜಿಗೆ ಚಿಕಿತ್ಸಾ ಸಂಕೀರ್ಣವೂ ದನ, ಕುರಿ, ಕೋಳಿಗಳಿರುವ ಫಾರಂ ಕೂಡ ಇರಲೇಬೇಕು. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಬೆಂಗಳೂರು ಪಶುವೈದ್ಯ ಕಾಲೇಜೂ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಉಳಿದ ಕಾಲೇಜುಗಳೂ ಇದೇ ಅಳತೆಗೆ ಒಳಪಟ್ಟಿವೆ. ದೇಶದ ಕಾಲೇಜುಗಳ ಶೇ. 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ, ಅವನ್ನು ನೀಟ್ ಅಂಕದ ಮೇಲೆ ತುಂಬಲಾಗುತ್ತದೆ. ಪರಿಷತ್ತು ಕಳಿಸಿದವರು ಕಾಲೇಜು ಪರೀಕ್ಷಿಸಿ ವರದಿ ಕೊಡುತ್ತಾರೆ. ಮಟ್ಟ ಕುಸಿದಿದ್ದರೆ ಪರಿಷತ್ತು ಕೇಂದ್ರ ಸರ್ಕಾರಕ್ಕೆ ಹೇಳಬಹುದು, ಮಾನ್ಯತೆ ಕಿತ್ತುಕೊಳ್ಳುವ ಕೊನೆಯ ಅಧಿಕಾರ ಸರ್ಕಾರದ್ದು. ಮಾನ್ಯತೆಯಿಲ್ಲದ ಕಾಲೇಜಿನ ಪದವಿಗೆ ನೋಂದಣಿ ಸಿಗುವುದಿಲ್ಲ. ಮಕ್ಕಳನ್ನು ಸೇರಿಸುವ ಮೊದಲು ತಂದೆತಾಯಿ ಇದೊಂದನ್ನು ವಿಚಾರಿಸಲೇಬೇಕು.

ವೃತ್ತಿಯ ನಡವಳಿಕೆಗೆ 1992ರ ನಿಯಮಾವಳಿ ಇದೆ. ಸುಳ್ಳು ಪ್ರಮಾಣಪತ್ರ ಕೊಡುವುದು, ಔಷಧಿಗೆ ಕಮಿಷನ್ ಪಡೆಯುವುದು ಇಂಥವು ವೃತ್ತಿದ್ರೋಹ. ತಪ್ಪು ಸಾಬೀತಾದರೆ ದಾಖಲೆಯಿಂದ ಹೆಸರು ತೆಗೆಯಬಹುದು.

ಔಷಧಿ ತಪ್ಪು ಕೈಗೆ ಹೋದರೆ ಎಷ್ಟು ದೂರ ಹಾನಿ ತಲುಪುತ್ತದೆಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ನೋವಿಗೆಂದು ದನಗಳಿಗೆ ಡೈಕ್ಲೊಫಿನ್ಯಾಕ್ ಚುಚ್ಚಿದರು. ಆ ದನಗಳ ಹೆಣ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು, ಕೆಲವು ಜಾತಿಗಳು ಅಳಿವಿನ ಅಂಚಿಗೆ ಬಂದವು. 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಿದರು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಯಿಂದಲೇ ದನಗಳಿಗೆ ಚುಚ್ಚುವುದು ನಡೆದಿತ್ತು. 2015ರಲ್ಲಿ ಸೀಸೆಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದು ಧಾಮ ಘೋಷಿಸಿದ್ದು ಉಳಿದ ಕೆಲವೇ ಹದ್ದುಗಳನ್ನು ಉಳಿಸಿಕೊಳ್ಳಲು.

ಇನ್ನು ಕಾಯ್ದೆಯ ಕೊರತೆ. ನೋಂದಾಯಿತನೆಂದು ಸುಳ್ಳು ಹೇಳಿಕೊಂಡವನಿಗೆ 1984ರ ಕಾಯ್ದೆ ವಿಧಿಸಿದ ಹಣದ ದಂಡ ಸಾವಿರ ರೂಪಾಯಿ ದಾಟುವುದಿಲ್ಲ. ಒಂದೇ ದಿನದ ನಕಲಿ ಚಿಕಿತ್ಸೆಯಲ್ಲಿ ಅಷ್ಟು ದುಡಿಯಬಹುದು. ಯಾವ ರಾಜ್ಯವೂ ಒಂಟಿಯಾಗಿ ಇದನ್ನು ಬದಲಾಯಿಸಲಾಗದು. 252ನೇ ವಿಧಿಯ ಗಂಟು ಇಲ್ಲಿ ಅಡ್ಡ ಬರುತ್ತದೆ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 2019ರ ಗಣತಿಯಂತೆ ದೇಶದಲ್ಲಿ 53 ಕೋಟಿಗೂ ಮೀರಿ ಜಾನುವಾರುಗಳಿವೆ. ರಾತ್ರಿ ಎರಡು ಗಂಟೆಗೆ ಕರು ಅಡ್ಡ ಸಿಕ್ಕಿಕೊಂಡಾಗ ನೋಂದಾಯಿತ ವೈದ್ಯರು ಹತ್ತಿರದಲ್ಲಿಲ್ಲದಿದ್ದರೆ, ಕೈಗೆ ಸಿಕ್ಕವರನ್ನು ಕರೆದ ರೈತನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಪರಿಷತ್ತು ಗುಣಮಟ್ಟ ಕಾಯಬಹುದು, ಖಾಲಿ ಹುದ್ದೆ ತುಂಬಬೇಕಾದದ್ದು ಸರ್ಕಾರಗಳು. ಅದನ್ನು ಮಾಡದೆ ನಕಲಿ ವೈದ್ಯರ ಹಾವಳಿ ಎಂದು ಭಾಷಣ ಮಾಡುವುದು ರೈತನಿಗೆ ಬಗೆಯುವ ಅನ್ಯಾಯ.

ಓದುಗರು ಮಾಡಬಹುದಾದ ಕೆಲಸವೂ ಇದೆ. ನಿಮ್ಮ ಕೊಟ್ಟಿಗೆಗೋ ಸಾಕುನಾಯಿಗೋ ಚಿಕಿತ್ಸೆಗೆ ಬಂದವರ ನೋಂದಣಿ ಸಂಖ್ಯೆ ಕೇಳಿ. ಓದಿ ಬಂದ ವೈದ್ಯರು ಅದಕ್ಕೆ ಬೇಸರಪಡುವುದಿಲ್ಲ. ಔಷಧಿ ಚೀಟಿಯಲ್ಲಿ ಆ ಸಂಖ್ಯೆ ಬರೆಸಿಕೊಳ್ಳಿ, ಆಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಹಾಲು ಡೈರಿಗೆ ಹಾಕಬಾರದೆಂದು ಕೇಳಿ ತಿಳಿದುಕೊಳ್ಳಿ. ವೈದ್ಯರಿಂದ ತಪ್ಪಾಗಿದೆ ಎನಿಸಿದರೆ ರಾಜ್ಯ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ತುರ್ತಿಗೆ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಲು ಉಚಿತ ದೂರವಾಣಿ ಸಂಖ್ಯೆ 1962.